ಬಸ್ಸಿಗಿಂತ ಮೂರು ಗಂಟೆ ಮುಂದೆ

ಬೆಳಗಿನ ಐದೂ ಮುಕ್ಕಾಲು. ರಸ್ತೆ ಬದಿಯ ಸಣ್ಣ ತಿಂಡಿ ಅಂಗಡಿಯ ಹಿಂಬಾಗಿಲಲ್ಲಿ ನಿಂತ ಹೆಂಗಸೊಬ್ಬರು ಮೊಳೆಗೆ ನೇತುಹಾಕಿದ್ದ ಒರೆಸುವ ಬಟ್ಟೆಯನ್ನು ತೆಗೆದು ಮೂಗಿಗೆ ಹಿಡಿಯುತ್ತಾರೆ. ತಲೆಯ ಮೇಲೆ ಹೆಲ್ಮೆಟ್ಟು ಇನ್ನೂ ಹಾಗೇ ಇದೆ, ಮುಂದಿನ ಗಾಜನ್ನು ಮಾತ್ರ ಮೇಲಕ್ಕೆತ್ತಿದ್ದಾರೆ. ಒಲೆಯ ಮುಂದೆ ಅಂಗಡಿಯಾತ ಸೌಟು ಹಿಡಿದುಕೊಂಡು, ಉಸಿರು ಬಿಗಿಹಿಡಿದು ನೋಡುತ್ತಿದ್ದಾನೆ. ಬಟ್ಟೆ ಮತ್ತೆ ಮೊಳೆಗೆ ಹೋಗುತ್ತದೆ. ಆಮೇಲೆ ತರಕಾರಿ ಹೆಚ್ಚುವ ಮಣೆಯ ಸರದಿ. ಅದಾದ ಮೇಲೆ ನೀರಿನ ಡ್ರಮ್ಮು. ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ತಳದವರೆಗೂ ಬಗ್ಗಿ ನೋಡುತ್ತಾರೆ.

"ನಿಮ್ಮನೆಯವ್ರಿಗೆ ಏನು ಮಾಡಿದೀರಿ ಇವತ್ತು?"

ಅಂಗಡಿಯಾತ ಮುಂದಿನ ಗಾಜಿನ ಪೆಟ್ಟಿಗೆಯತ್ತ ಕೈ ತೋರಿಸುತ್ತಾನೆ. ಅದರಲ್ಲಿ ಕರಿದ ತಿಂಡಿಗಳು ಮಿರಮಿರ ಮಿಂಚುತ್ತಿವೆ.

"ಅದು ಗಿರಾಕಿಗೆ. ನಾನು ಕೇಳಿದ್ದು ನಿಮ್ಮ ಹೆಂಡ್ತಿ ಮಕ್ಕಳು ಬೆಳಿಗ್ಗೆ ಏನು ತಿಂತಾರೆ ಅಂತ."

ಆತ ನಾಚಿಕೊಂಡು ಮೂಲೆಯಲ್ಲಿದ್ದ ಪುಟ್ಟ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ. ಈರುಳ್ಳಿ ಹಾಕಿ ಬೇಯಿಸಿದ ಬಿಸಿಬಿಸಿ ಗೋಧಿ ನುಚ್ಚು. ಅವರು ಒಂದೇ ಒಂದು ತುತ್ತು ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ಅಗಿಯುತ್ತಾರೆ, ನುಂಗುತ್ತಾರೆ. ಚೆನ್ನಾಗಿದೆ ಅನ್ನುವುದಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನುವುದಿಲ್ಲ. "ಆಯ್ತು. ಇಪ್ಪತ್ತೆಂಟು ಜನ, ಎಂಟೂವರೆಗೆ" ಎಂದು ಹೇಳಿ ಜೇಬಿನಿಂದ ಒಂದು ಚೀಟಿ ತೆಗೆದುಕೊಡುತ್ತಾರೆ. ಮೂವರಿಗೆ ಸಕ್ಕರೆ ಕಾಯಿಲೆ, ನಾಲ್ವರಿಗೆ ಹಲ್ಲಿಲ್ಲ, ಒಂದು ಮಗುವಿಗೆ ಕಡಲೆಕಾಯಿ ಸೋಕುವಂತಿಲ್ಲ ಎಂದು ಚೀಟಿಯಲ್ಲಿದೆ. ಅಂಗಡಿಯಾತ ಅದನ್ನು ಓದಿ ಮುಗಿಸುವಷ್ಟರಲ್ಲಿ ಸ್ಕೂಟರು ರಸ್ತೆಗೆ ಇಳಿದಾಗಿದೆ.

ಈ ದಾರಿಯುದ್ದಕ್ಕೂ ಅವರನ್ನು ಕರೆಯುವುದು ‘ಮುಂಗಡಕ್ಕ’ ಎಂದು. ದುಡ್ಡಿನ ಮುಂಗಡಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ. ಬಸ್ಸಿಗಿಂತ ಮೂರು ಗಂಟೆ ಮುಂದೆ ಹೋಗುವ ಅಕ್ಕ, ಅಷ್ಟೇ. ವಯಸ್ಸು ಐವತ್ತೆರಡು. ಪ್ರವಾಸಿಗರನ್ನು ನಾಲ್ಕು ದಿನ ಊರೂರು ಸುತ್ತಿಸಿ, ಆಯಾ ಊರಿನ ಊಟ ಉಣ್ಣಿಸಿ ಕರೆತರುವ ಸಣ್ಣ ಕಂಪನಿಯೊಂದರಲ್ಲಿ ಅವರ ಕೆಲಸ. ಕಂಪನಿಗಿರುವುದು ಒಂದೇ ಬಸ್ಸು, ಇಪ್ಪತ್ತೆಂಟು ಸೀಟಿನದು. ತಿಂಗಳಿಗೆ ಮೂರು ಪ್ರವಾಸ. ಒಂದು ಪ್ರವಾಸಕ್ಕೆ ಹನ್ನೊಂದು ಊಟ-ತಿಂಡಿ, ಸ್ಕೂಟರಿನ ಮೇಲೆ ನಾನೂರ ಮೂವತ್ತು ಕಿಲೋಮೀಟರು. ಹತ್ತೊಂಬತ್ತು ವರ್ಷಗಳಿಂದ ಇದೇ ನಡೆದುಕೊಂಡು ಬಂದಿದೆ. ಆ ಬಸ್ಸಿನಲ್ಲಿ ಹೋಗಿ ಬಂದವರು ಮನೆಗೆ ಮರಳಿದ ಮೇಲೂ ಬಾಯಿ ಚಪ್ಪರಿಸಿಕೊಂಡು ಊಟದ ಸುದ್ದಿ ಹೇಳುತ್ತಾರೆ. ಮುಂಗಡಕ್ಕನ ಸುದ್ದಿ ಯಾರೂ ಹೇಳುವುದಿಲ್ಲ. ಹೇಳುವುದಾದರೂ ಹೇಗೆ, ಅವರು ನೋಡಿದ್ದರೆ ತಾನೇ? ಬಸ್ಸು ಬಂದು ನಿಲ್ಲುವ ಹೊತ್ತಿಗೆ ಈಕೆ ಮುಂದಿನ ಊರಿನ ಅಡುಗೆಮನೆಯಲ್ಲಿ ಇನ್ಯಾರದೋ ಒರೆಸುವ ಬಟ್ಟೆ ಮೂಸುತ್ತಿರುತ್ತಾರೆ.

ತಮಾಷೆಯೆಂದರೆ ಆ ಬಸ್ಸನ್ನು ಓಡಿಸುವವರು ಅವರ ಗಂಡನೇ. ಗಂಡ ಹೆಂಡತಿ ಒಂದೇ ದಾರಿಯಲ್ಲಿ, ಒಂದೇ ದಿನ, ಒಂದೇ ಕಡೆಗೆ ಹೋಗುತ್ತಾರೆ. ಆದರೆ ನಾಲ್ಕು ದಿನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. "ನಮ್ಮ ಮದ್ವೆ ಇಷ್ಟು ವರ್ಷ ಉಳಿದಿದ್ದೇ ಅದ್ರಿಂದ" ಎಂದು ಚಾಲಕರು ಎಲ್ಲರ ಮುಂದೆ ನಗೆಯಾಡುತ್ತಾರೆ. "ಅವ್ರು ಹಾರ್ನ್ ಹೊಡೆಯೋದು ಕೇಳಿಸದಷ್ಟು ದೂರ ಇದ್ರೆ ಯಾವ ಸಂಸಾರ ಬೇಕಾದ್ರೂ ನಡೆಯುತ್ತೆ" ಎಂದು ಅಕ್ಕ ತಿರುಗಿ ಕೊಡುತ್ತಾರೆ.

ಈ ಕೆಲಸ ಶುರುವಾದದ್ದು ಒಂದು ಹೊಟ್ಟೆನೋವಿನಿಂದ. ಅದಕ್ಕೆ ಮುಂಚೆ ಅವರು ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದರು. ರೋಗಿಗಳಿಗೆ ಊಟ ಮೇಲಿನ ಮಹಡಿಗೆ ಹೋಗುವ ಮುನ್ನ ಪ್ರತಿ ಪಾತ್ರೆಯಿಂದ ಒಂದು ಚಮಚ ರುಚಿ ನೋಡಬೇಕು. ಉಪ್ಪಿಲ್ಲದ್ದು ಯಾರಿಗೆ, ಖಾರವಿಲ್ಲದ್ದು ಯಾರಿಗೆ, ಅರೆದದ್ದು ಯಾರಿಗೆ ಎಂದು ನೆನಪಿಟ್ಟು ಹೇಳಬೇಕು. ಎಂಟು ವರ್ಷ ಹಾಗೆ ದುಡಿದ ಮೇಲೆ ಆಸ್ಪತ್ರೆಯವರು ಅಡುಗೆಯನ್ನು ಹೊರಗಿನವರಿಗೆ ವಹಿಸಿ ಇವರನ್ನು ಮನೆಗೆ ಕಳಿಸಿದರು. ಆ ವಾರವೇ ಗಂಡನ ಬಸ್ಸಿನಲ್ಲಿ ಹನ್ನೊಂದು ಜನಕ್ಕೆ ಹೊಟ್ಟೆ ಕೆಟ್ಟಿತು. ಹೆದ್ದಾರಿಯಲ್ಲಿ ಎಲ್ಲೋ ನಿಲ್ಲಿಸಿ ತಿಂದಿದ್ದ ಊಟ. ಅರವತ್ತು ಕಿಲೋಮೀಟರಿಗೆ ಹದಿನಾಲ್ಕು ಕಡೆ ಬಸ್ಸು ನಿಲ್ಲಿಸಿ, ಮನೆಗೆ ಬಂದು ಹಾಸಿಗೆ ಹಿಡಿದಂತೆ ಮಲಗಿದ ಗಂಡನನ್ನು ನೋಡಿ ಅಕ್ಕ, "ಮುಂದಿನ ಸಲ ನಾನೇ ಮುಂಚೆ ಹೋಗಿ ನೋಡಿ ಬರ್ತೀನಿ, ಬಿಡಿ" ಅಂದರು. ಕಂಪನಿಯ ದೊಡ್ಡ ಯಜಮಾನರು ಮೊದಲು ನಕ್ಕರು. ಎರಡು ಪ್ರವಾಸ ನೋಡಿದ ಮೇಲೆ ಹಳೆಯ ಸ್ಕೂಟರೊಂದನ್ನು ಕೊಡಿಸಿದರು.

ಮೊದಲಿಗೆ ಅವರು ನೋಡುತ್ತಿದ್ದದ್ದು ಶುಚಿಯನ್ನಷ್ಟೇ. ರುಚಿಯ ದಾರಿ ಗೊತ್ತಾದದ್ದು ಒಂದು ಮಧ್ಯಾಹ್ನ. ಊಟದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಬಡಿಸುತ್ತಿದ್ದದ್ದನ್ನು ರುಚಿ ನೋಡಿ, ಏನೋ ಸಪ್ಪೆಯೆನಿಸಿ ಹೊರಟಾಗ ಹಿತ್ತಿಲಿನಲ್ಲಿ ಅಂಗಡಿಯವಳು ತನ್ನ ಮಕ್ಕಳನ್ನು ಕೂರಿಸಿಕೊಂಡು ಬೇರೇನನ್ನೋ ಉಣ್ಣಿಸುತ್ತಿದ್ದಳು. ಅಕ್ಕ ಅದರಲ್ಲೊಂದು ತುತ್ತು ಕೇಳಿ ತಿಂದರು. "ಅವತ್ತಿಂದ ಹೊರಗಡೆ ಬೋರ್ಡಲ್ಲಿ ಏನು ಬರೆದಿದಾರೆ ಅಂತ ನಾನು ಓದೇ ಇಲ್ಲ. ಅಡುಗೆ ಮಾಡೋರು ತಮ್ಮ ಮಕ್ಕಳಿಗೆ ಏನು ಮಾಡ್ಕೊಂಡಿರ್ತಾರೋ ಅದೇ ಬೇಕು ಅಂತೀನಿ. ಅದ್ರಲ್ಲಿ ಯಾರೂ ಮೋಸ ಮಾಡಲ್ಲ, ಅಸಡ್ಡೇನೂ ಮಾಡಲ್ಲ."

ಮನೆಯಲ್ಲೂ ಈ ಚಾಳಿ ಬಿಟ್ಟಿಲ್ಲ. ಮಗಳಿಗೆ ಗಂಡು ನೋಡಲು ಹೋದಾಗ ಎಲ್ಲರೂ ನಡುಮನೆಯಲ್ಲಿ ಕೂತು ಹುಡುಗನ ಕೆಲಸ, ಓದು ಎಂದು ವಿಚಾರಿಸುತ್ತಿದ್ದರೆ, ಈಕೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಒರೆಸುವ ಬಟ್ಟೆ ಮೂಸಿ ಬಂದರಂತೆ. "ಬಂದವ್ಳೇ ಅಪ್ಪನ ಕಡೆ ನೋಡಿ ತಲೆ ಆಡಿಸಿದ್ಳು, ನನ್ನ ಮದ್ವೆ ಗೊತ್ತಾಗೋಯ್ತು" ಎಂದು ಮಗಳು ಇಂದಿಗೂ ಬೀಗತಿಯ ಎದುರಿಗೇ ಹೇಳಿ ನಗುತ್ತಾಳೆ. ಬೀಗತಿಗೂ ಅದರಲ್ಲಿ ಒಂಥರಾ ಹೆಮ್ಮೆಯೇ.

ಕಷ್ಟಗಳನ್ನು ಅಕ್ಕ ಹೇಳಿಕೊಳ್ಳುವವರಲ್ಲ. ಕೆದಕಿದರೆ ಹೊರಬರುತ್ತವೆ. ಜಲ್ಲಿಕಲ್ಲಿನ ಮೇಲೆ ಸ್ಕೂಟರು ಜಾರಿ ಭುಜದ ಮೂಳೆ ಮುರಿದು ಮೂರು ತಿಂಗಳು ಮನೆಯಲ್ಲಿ ಕೂತದ್ದು, ಬಾಗಿಲಲ್ಲೇ ನಿಂತು ‘ನಮ್ಮ ಪಾತ್ರೆ ಮೂಸೋಕೆ ನೀನ್ಯಾರು’ ಎಂದು ಬೈಸಿಕೊಂಡದ್ದು, ಕೆಟ್ಟ ಊಟ ಮೊದಲು ಇವರ ಹೊಟ್ಟೆಗೇ ಹೋಗುವುದರಿಂದ ವರ್ಷಕ್ಕೆ ನಾಲ್ಕೈದು ಸಲ ಜೀವ ಹಿಂಡಿಹೋಗುವುದು. ಇವನ್ನೆಲ್ಲ ಅವರು ಮಳೆ ಬಂತು, ನಿಂತಿತು ಎನ್ನುವ ಹಾಗೆ ಹೇಳುತ್ತಾರೆ. ಒಂದು ವಿಷಯಕ್ಕೆ ಮಾತ್ರ ದನಿ ತಗ್ಗುತ್ತದೆ.

ಅದು ಒಂಬತ್ತು ವರ್ಷದ ಹಿಂದಿನ ಮಾತು. ಹೊಳೆದಂಡೆಯ ಮನೆಯೊಂದರಲ್ಲಿ ಒಬ್ಬಾಕೆ ಮೀನನ್ನು ಉಪ್ಪು, ಮೆಣಸು, ಹುಳಿ ಇಷ್ಟರಲ್ಲೇ ಬೇಯಿಸುತ್ತಿದ್ದಳು. ಬಸ್ಸಿನವರು ಬೆರಳು ನೆಕ್ಕುತ್ತಿದ್ದರು. ಒಂದು ದಿನ ಅಕ್ಕ ಮಾತು ತಡೆಯಲಾರದೆ ಅರ್ಧ ಗಂಟೆ ನಿಂತು ಅವಳನ್ನು ಹೊಗಳಿದರು, ನಿನ್ನಂಥ ಕೈ ಈ ದಾರಿಯಲ್ಲೇ ಇಲ್ಲ ಎಂದರು. ಮುಂದಿನ ಸಲ ಹೋದಾಗ ಹೊಗಳಿಕೆ ತಲೆಗೇರಿ, ಆ ಮಡಕೆಗೆ ಹನ್ನೆರಡು ಬಗೆಯ ಮಸಾಲೆ ಬಿದ್ದಿತ್ತು. "ಮೀನು ಎಲ್ಲಿದೆ ಅಂತ ಹುಡುಕ್ಬೇಕಿತ್ತು. ಎಷ್ಟು ಹೇಳಿದ್ರೂ ಅವಳು ಹಿಂದಕ್ಕೆ ಬರ್ಲಿಲ್ಲ. ಕೊನೆಗೆ ಆ ಮನೆ ಬಿಡ್ಬೇಕಾಯ್ತು. ಅವಳದ್ದು ಏನೂ ತಪ್ಪಿಲ್ಲ. ನನ್ನ ಬಾಯಿಂದ ಹಾಳಾಯ್ತು ಆ ಅಡುಗೆ." ಅಂದಿನಿಂದ ಅವರು ಯಾವ ಅಡುಗೆಯವರನ್ನೂ ಹೊಗಳಿಲ್ಲ.

ಇಂದಿನ ಮಧ್ಯಾಹ್ನದ ಊಟ ಒಂದು ಅತ್ತೆ-ಸೊಸೆಯ ಮನೆಯಲ್ಲಿ. ಈ ಊಟದ ಮೇಲೆ ಬಹಳಷ್ಟು ನಿಂತಿದೆ. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಕಂಪನಿ ಅವರ ಅಳಿಯನ ಕೈಗೆ ಬಂದಿದೆ. ಅಳಿಯ ಯಜಮಾನರು ಕೆಟ್ಟವರಲ್ಲ. ವಯಸ್ಸಾದ ಪ್ರಯಾಣಿಕರಿಗೆ ಶುಚಿಯಾದ ಶೌಚಾಲಯ ಬೇಕು, ಊಟ ನಲವತ್ತು ನಿಮಿಷದಲ್ಲಿ ಮುಗಿಯಬೇಕು, ಕೂಡುರಸ್ತೆಯಲ್ಲಿ ಹೊಸದಾಗಿ ಎದ್ದಿರುವ ದೊಡ್ಡ ಹೋಟೆಲಿನಲ್ಲಿ ಎರಡೂ ಇವೆ ಎನ್ನುವುದು ಅವರ ವಾದ. ಎಲ್ಲ ಊಟವನ್ನೂ ಅಲ್ಲಿಗೇ ಗೊತ್ತು ಮಾಡಿದರೆ ಮುಂದೆ ಹೋಗಿ ರುಚಿ ನೋಡುವ ಅಗತ್ಯವೇ ಇರುವುದಿಲ್ಲ. ಮನೆಯೂಟದ ಹೊಗಳಿಕೆ ಕೇಳಿ ಸುಮ್ಮನೆ ನಂಬುವುದೂ ಅವರ ಜಾಯಮಾನವಲ್ಲ. ಅದಕ್ಕೇ ಈ ಪ್ರವಾಸದಲ್ಲಿ ಖುದ್ದು ಬಸ್ಸೇರಿ ಚಾಲಕರ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ. ಇಂದು ಮಧ್ಯಾಹ್ನ ಉಂಡು ನೋಡಿ, ಸಂಜೆ ತೀರ್ಮಾನ ಹೇಳುತ್ತೇನೆ ಎಂದಿದ್ದಾರೆ. ಆ ಮನೆಯ ಅತ್ತೆಗೆ ಮಣಿಕಟ್ಟಿನ ನೋವು ಬಂದು ಕೈ ನಡುಗುತ್ತಿದೆ. ಬಸ್ಸಿನವರಿಗೆ ಸೊಸೆ ತಾನೊಬ್ಬಳೇ ಅಡುಗೆ ಮಾಡುತ್ತಿರುವುದು ಇದೇ ಮೊದಲು.

"ಕೆಲ್ಸ ಹೋಗುತ್ತೆ ಅಂತ ಭಯ ಇಲ್ವಾ ಅಂದ್ರೆ ಇದೆ ಅಂತೀನಿ" ಎನ್ನುತ್ತಾರೆ ಅಕ್ಕ, ಪೆಟ್ರೋಲು ಹಾಕಿಸುತ್ತ. "ಈ ವಯಸ್ಸಲ್ಲಿ ಹೊಸ ಕೆಲ್ಸ ಯಾರು ಕೊಡ್ತಾರೆ? ಆದ್ರೆ ಹನ್ನೊಂದು ಮನೆ ಇದೆ ಈ ದಾರೀಲಿ. ಅವರೆಲ್ಲ ನಾಳೆಯಿಂದ ಒಲೆ ಹಚ್ಚೋದು ಯಾರಿಗೆ?"

ಒಂಬತ್ತೂ ಕಾಲಿಗೆ ಸ್ಕೂಟರು ಆ ಮನೆಯ ಮುಂದೆ ನಿಲ್ಲುತ್ತದೆ. ಹಂಚಿನ ಉದ್ದನೆಯ ಮನೆ, ಮುಂದೆ ತಗಡಿನ ಚಪ್ಪರ, ಅದರಡಿ ನಾಲ್ಕು ಉದ್ದ ಬೆಂಚು. ಬಾಗಿಲಿಗೆ ಬರುವ ಮೊದಲೇ ಅಕ್ಕನ ಮೂಗು ಬಿರಿಯುತ್ತದೆ. ಎಂದಿನ ವಾಸನೆಯಲ್ಲ. ಒಳಗೆ ಹೋದರೆ ಒರೆಸುವ ಬಟ್ಟೆ ಹೊಸದು, ಮಣೆ ಹೊಸದು, ಸೊಸೆ ಉಟ್ಟ ಬಟ್ಟೆಯೂ ಹೊಸದು. ಒಲೆಯ ಮೇಲೆ ಮೂರು ದೊಡ್ಡ ಪಾತ್ರೆಗಳಿವೆ. ಒಂದರಲ್ಲಿ ಕೆಂಪು ಬಣ್ಣ ಹಾಕಿದ ಕೋಳಿ, ಮೇಲೆ ಒಂದು ಬೆರಳು ಎಣ್ಣೆ. ಇನ್ನೊಂದರಲ್ಲಿ ಕೆನೆ ಸುರಿದ ತರಕಾರಿ. ಮೂರನೆಯದರಲ್ಲಿ ಗೋಡಂಬಿ ಉದುರಿಸಿದ ಹಳದಿ ಅನ್ನ. ಅತ್ತೆ ಮೂಲೆಯ ಮಣೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾರೆ.

ಅಕ್ಕ ಮೂರರಿಂದಲೂ ಒಂದೊಂದು ತುತ್ತು ತಿನ್ನುತ್ತಾರೆ. ಹಾಳಾಗಿಲ್ಲ, ಶುಚಿಯಾಗಿದೆ, ಉಪ್ಪು ಖಾರ ಸರಿಯಾಗಿದೆ. ಆದರೆ ಇದು ಈ ಮನೆಯದಲ್ಲ.

"ಎಲ್ಲಿ ಕಲ್ತೆ ಮಗಳೇ ಇದನ್ನ?"

ಸೊಸೆ ಖುಷಿಯಿಂದ ಹೇಳುತ್ತಾಳೆ: "ಕೂಡುರಸ್ತೆ ಹೋಟ್ಲಲ್ಲಿ. ಯಜಮಾನ್ರು ಬರ್ತಾರೆ ಅಂದ್ರಲ್ಲ, ಹೋದ ವಾರ ಎರಡು ಸಲ ಹೋಗಿ ಊಟ ಮಾಡ್ಕೊಂಡು ಬಂದೆ. ಅವ್ರಿಗಿಂತ ನಾವು ಕಮ್ಮಿ ಆಗ್ಬಾರ್ದು ಅಲ್ವಾ ಅಕ್ಕಾ?"

"ನಾನು ಹೇಳಿದ್ರೆ ನನ್ನ ಮಾತು ಯಾರು ಕೇಳ್ತಾರೆ" ಎಂದು ಮೂಲೆಯಿಂದ ಅತ್ತೆಯ ದನಿ ಬರುತ್ತದೆ.

ಹತ್ತೊಂಬತ್ತು ವರ್ಷದಲ್ಲಿ ಇಂಥ ಪೇಚಿಗೆ ಅಕ್ಕ ಸಿಕ್ಕಿಕೊಂಡದ್ದಿಲ್ಲ. ಈ ಹುಡುಗಿ ಬೆಳಗಿನ ಮೂರೂವರೆಗೆ ಎದ್ದು, ಮೈ ಮುರಿದು ದುಡಿದಿದ್ದಾಳೆ. ತಪ್ಪು ಎಂದರೆ ಕುಸಿದುಹೋಗುತ್ತಾಳೆ. ಸರಿ ಎಂದರೆ, ಹೋಟೆಲಿನ ಊಟವನ್ನು ಹೋಟೆಲಿಗಿಂತ ಹಳೆಯ ಬೆಂಚಿನ ಮೇಲೆ ಕೂತು ತಿನ್ನಲು ಇಲ್ಲಿಗೆ ಯಾಕೆ ಬರಬೇಕು ಎಂದು ಅಳಿಯ ಯಜಮಾನರು ಕೇಳುತ್ತಾರೆ. ಹಾಗೆ ಕೇಳಿದರೆ ಅದು ನ್ಯಾಯವೇ. ಅಕ್ಕ ನೀರು ಕೇಳಿ ಕುಡಿದು, ನಿಧಾನಕ್ಕೆ ಎಂದಿನ ಪ್ರಶ್ನೆಯನ್ನೇ ಕೇಳುತ್ತಾರೆ: ಮನೆಯವರಿಗೆ ಇವತ್ತು ಏನು?

ಸೊಸೆ ಹಿತ್ತಿಲಿನ ಒಲೆಯತ್ತ ನೋಡುತ್ತಾಳೆ. ಹೊಲದ ಕೆಲಸಕ್ಕೆ ಹೋದವರೂ ಸೇರಿ ಮನೆಯಲ್ಲಿ ಹನ್ನೊಂದು ಜನ. ಅವರಿಗೆಂದು ಕಪ್ಪು ಮಡಕೆಯಲ್ಲಿ ಕಾಳು ಬೇಯುತ್ತಿದೆ. ಜೊತೆಗೆ ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು, ದಪ್ಪ ರೊಟ್ಟಿ. "ಅದೇನಕ್ಕಾ, ಅದನ್ನ ಬಸ್ಸಿನವ್ರಿಗೆ ಹೇಗೆ ಕೊಡೋದು, ಕರ್‍ರಗಿದೆ" ಎಂದು ಹಿಂಜರಿಯುತ್ತಾಳೆ. ಅಕ್ಕ ಮಡಕೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದು ತುತ್ತು ಬಾಯಿಗಿಡುತ್ತಾರೆ. ಹೊಗಳಬಾರದೆಂದು ತುಟಿ ಬಿಗಿ ಹಿಡಿದರೂ ಕಣ್ಣು ತುಂಬುತ್ತದೆ. ಅತ್ತೆಯ ಕೈಯ ಅಡುಗೆ ಸೊಸೆಯ ಕೈಗೆ ಬಂದಿದೆ. ಅದು ಆ ಹುಡುಗಿಗೇ ಗೊತ್ತಿಲ್ಲ.

"ಹೊಗೆ ಜಾಸ್ತಿ ಆಯ್ತು" ಎಂದು ಕಣ್ಣೊರೆಸಿಕೊಂಡು ಎದ್ದು ನಿಂತ ಅಕ್ಕ ತೀರ್ಪು ಕೊಡುತ್ತಾರೆ. "ನೋಡು ಮಗಳೇ. ನೀನು ಮಾಡಿದ್ದು ಒಂದು ಅಗಳೂ ಹಾಳಾಗೋದು ಬೇಡ. ಆ ಕೋಳಿ, ಆ ಅನ್ನ, ಎಲ್ಲ ಇವತ್ತು ನಿಮ್ಮನೆಯವ್ರು ತಿನ್ಲಿ, ಮಿಕ್ಕಿದ್ದು ಅಕ್ಕಪಕ್ಕದವ್ರಿಗೆ ಕೊಡು. ನಿಮ್ಮನೆ ಊಟ ಬಸ್ಸಿಗೆ ಬರ್ಲಿ. ಹೋಟ್ಲು ಸಾಕಾಗಿ ತಾನೇ ಆ ಜನ ಬಸ್ ಹತ್ತಿರೋದು?"

ಸೊಸೆಯ ಮುಖ ಬಾಡುತ್ತದೆ. ಕೋಳಿಯ ಪಾತ್ರೆಗೆ ಮುಚ್ಚಳ ಮುಚ್ಚಿ ಬಾಗಿಲಿಗೊರಗುತ್ತಾಳೆ. ಆಗ ಮೂಲೆಯ ಮಣೆಯಿಂದ ಅತ್ತೆ ಏಳುತ್ತಾರೆ. ನಡುಗುವ ಕೈಯಲ್ಲೇ ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡು, "ಕೋಳಿ ಚೆನ್ನಾಗೇ ಇದೆ ಕಣೇ, ಒಂದು ತುಂಡು ಆಗ್ಲೇ ತಿಂದೆ" ಎನ್ನುತ್ತಾರೆ. ಸೊಸೆಗೆ ನಗು ತಡೆಯಲಾಗುವುದಿಲ್ಲ. ಅಲ್ಲಿಗೆ ಮನೆ ಮತ್ತೆ ಮನೆಯಾಗುತ್ತದೆ.

ಆದರೆ ಹನ್ನೊಂದು ಜನದ ಮಡಕೆ ಇಪ್ಪತ್ತೆಂಟು ಜನಕ್ಕೆ ಸಾಲಬೇಕಲ್ಲ. ನಾಳೆಗೆಂದು ಬಕೆಟ್ಟಿನಲ್ಲಿ ನೆನೆಹಾಕಿದ್ದ ಕಾಳು ಒಲೆಗೇರುತ್ತದೆ. ಪಕ್ಕದ ಮನೆಯಿಂದ ಎರಡು ಮಡಕೆ ಬರುತ್ತವೆ. ರೊಟ್ಟಿಗೆ ಹಿಟ್ಟು ಕಲಸಬೇಕು, ಹಿತ್ತಿಲಿನ ಸೊಪ್ಪು ಕೊಯ್ದು ಬಿಡಿಸಬೇಕು. ಅಡುಗೆಗೆ ನಾಲಿಗೆ ಹಾಕಬಹುದು, ಕೈ ಹಾಕಬಾರದು ಎನ್ನುವುದು ಅಕ್ಕ ತಮಗೆ ತಾವೇ ಹಾಕಿಕೊಂಡ ಕಟ್ಟು. ಇಂದು ಅದನ್ನು ಅರ್ಧ ಸಡಿಲಿಸಿ, ಹೆಲ್ಮೆಟ್ಟು ಪಕ್ಕಕ್ಕಿಟ್ಟು, ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ. ಕೈ ಕೆಲಸ ಮಾಡುತ್ತಿದ್ದರೂ ಕಣ್ಣು ಗಡಿಯಾರದ ಮೇಲೇ ಇದೆ. ಹತ್ತಕ್ಕೆ ಹೊರಡಬೇಕಾದವರು ಹನ್ನೊಂದಾದರೂ ಎದ್ದಿಲ್ಲ. ಬಸ್ಸು ಹನ್ನೆರಡೂವರೆಗೆ ಬರುತ್ತದೆ.

"ಇದ್ದು ನೋಡ್ಕೊಂಡೇ ಹೋಗಿ ಅಕ್ಕಾ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಜಮಾನ್ರಿಗೆ ನೀವೇ ಒಂದು ಮಾತು ಹೇಳ್ಬಹುದು" ಎಂದು ಸೊಸೆ ಕೈ ಹಿಡಿದು ಕೇಳುತ್ತಾಳೆ. ಕೇಳುವುದು ತಪ್ಪಲ್ಲ. ಇರಬೇಕೆಂದು ಅಕ್ಕನಿಗೂ ಜೀವ ಎಳೆಯುತ್ತಿದೆ. ಆದರೆ ರಾತ್ರಿ ಊಟದ ಮನೆಯಲ್ಲೂ ಇದೇ ಇಪ್ಪತ್ತೆಂಟು ಜನ ಕೂರುತ್ತಾರೆ, ಅಲ್ಲಿಯ ನೀರಿನ ಡ್ರಮ್ಮನ್ನು ಇನ್ನೂ ಯಾರೂ ನೋಡಿಲ್ಲ. "ಹಲ್ಲಿಲ್ಲದೋರಿಗೆ ರೊಟ್ಟಿ ಕಾಳಿನ ರಸದಲ್ಲಿ ನೆನೆಸಿ ಕೊಡು, ಮರೀಬೇಡ" ಎಂದಷ್ಟೇ ಹೇಳಿ, ಹನ್ನೊಂದೂ ಕಾಲಿಗೆ ಸ್ಕೂಟರು ಒದೆಯುತ್ತಾರೆ.

ದಿನವೂ ಬಸ್ಸಿನವರ ಊಟ ಮುಗಿದ ಕೂಡಲೇ ಗಂಡನ ಫೋನು ಬರುತ್ತದೆ. ಎಷ್ಟು ಜನ ಎರಡನೇ ಸಲ ಹಾಕಿಸಿಕೊಂಡರು ಎನ್ನುವ ಸಂಖ್ಯೆಯೊಂದನ್ನು ಹೇಳಿ ಇಡುತ್ತಾರೆ. ಹತ್ತು ಎಂದರೆ ಅಕ್ಕ ಯೋಚನೆಗೆ ಬೀಳುತ್ತಾರೆ, ಹದಿನೈದು ಎಂದರೆ ಪರವಾಗಿಲ್ಲ, ಇಪ್ಪತ್ತು ದಾಟಿದರೆ ಆ ದಿನ ಸ್ಕೂಟರಿನ ಮೇಲೆ ಹಾಡು. ಇಂದು ಒಂದೂವರೆ ಆಯಿತು, ಎರಡಾಯಿತು, ಫೋನಿಲ್ಲ. ಚಾಲಕರ ಪಕ್ಕದಲ್ಲೇ ಯಜಮಾನರು ಕೂತಿರುವಾಗ ಅವರಾದರೂ ಹೇಗೆ ಮಾಡಿಯಾರು ಎಂದು ಅಕ್ಕ ಸಮಾಧಾನ ತಂದುಕೊಳ್ಳುತ್ತಾರೆ. ರಾತ್ರಿ ಊಟದ ಮನೆಯಲ್ಲಿ ಡ್ರಮ್ಮು ನೋಡುತ್ತಾರೆ, ಮಣೆ ನೋಡುತ್ತಾರೆ. ಬಟ್ಟೆಯೊಂದು ಸರಿಯಿಲ್ಲವೆಂದು ಎದುರಿಗೇ ಕುದಿಸಿ ಒಣಹಾಕಿಸುತ್ತಾರೆ. ಮೂರೂ ಕಾಲಿಗೆ ಫೋನು ಬರುತ್ತದೆ. ಗಂಡನದಲ್ಲ, ಯಜಮಾನರದು.

"ಅಕ್ಕಾ, ಎಲ್ಲಿದೀರಿ? ಅಲ್ಲೇ ಇರಿ. ಮುಂದೆ ಹೋಗ್ಬೇಡಿ. ಮಾತಾಡ್ಬೇಕು." ಅಷ್ಟೇ ಹೇಳಿ ಇಟ್ಟುಬಿಡುತ್ತಾರೆ.

ಮುಂದೆ ಹೋಗಬೇಡಿ ಎಂದು ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತ ಅಕ್ಕನ ಕೈಗೆ ಮಾಡಲು ಕೆಲಸವಿಲ್ಲ. ಮಗಳಿಗೆ ಫೋನು ಮಾಡಿ, ಊಟ ಆಯ್ತಾ ಎಂದಷ್ಟೇ ಕೇಳಿ ಇಡುತ್ತಾರೆ. "ಆ ಹುಡುಗಿ ಕೈಯಿಂದ ಕೋಳಿ ಕಿತ್ಕೊಂಡು ತಪ್ಪು ಮಾಡಿದ್ನೇನೋ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ಆರಕ್ಕೆ ಬರಬೇಕಾದ ಬಸ್ಸು ಆರೂ ಮುಕ್ಕಾಲಾದರೂ ಕಾಣಿಸುವುದಿಲ್ಲ.

ಕೊನೆಗೂ ಬಸ್ಸು ಬಂದು ನಿಲ್ಲುತ್ತದೆ. ಮೊದಲು ಇಳಿದವರು ಯಜಮಾನರು. ಮುಖ ಗಂಟಿಕ್ಕಿದೆ.

"ನಿಮ್ಮ ಆ ಮನೆಯಿಂದ ಇವತ್ತು ಮುಕ್ಕಾಲು ಗಂಟೆ ತಡ."

"ಏನಾಯ್ತು ಯಜಮಾನ್ರೇ?"

"ಏನಾಗೋದು? ಜನ ಏಳ್ಲೇ ಇಲ್ಲ. ಕಾಳು ಖಾಲಿ ಆಯ್ತು, ಮತ್ತೆ ಮಾಡಿದ್ರು, ಅದೂ ಖಾಲಿ ಆಯ್ತು. ಆ ಹಲ್ಲಿಲ್ಲದ ತಾತ ಒಳಗೇ ಹೋಗಿ ಮಡಕೆ ಮುಂದೆ ಕೂತ್ಬಿಟ್ರು."

ಬಸ್ಸಿನ ಕಿಟಕಿಯಿಂದ ಚಾಲಕರು ಹೆಂಡತಿಗೆ ಕೈಬೆರಳು ಎತ್ತಿ ತೋರಿಸುತ್ತಾರೆ, ಮೊದಲು ಎರಡು ಬೆರಳು, ಆಮೇಲೆ ಆರು. ಇಪ್ಪತ್ತಾರು. ಆಮೇಲೆ ಯಜಮಾನರ ಬೆನ್ನಿನ ಕಡೆ ಕಣ್ಣು ಹಾಯಿಸಿ ಇನ್ನೂ ಒಂದು ಬೆರಳು ಎತ್ತುತ್ತಾರೆ.

ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಹೋಟ್ಲಲ್ಲಿ ಶೌಚಾಲಯಕ್ಕೆ ನಿಲ್ಲಿಸೋಣ, ಊಟಕ್ಕೆ ಬೇಡ. ಅದಿರ್ಲಿ, ಮುಂದಿನ ತಿಂಗಳು ಎರಡನೇ ಬಸ್ ಬರ್ತಾ ಇದೆ. ಎರಡನ್ನೂ ಮಧ್ಯಾಹ್ನ ಆ ಮನೇಲೇ ನಿಲ್ಲಿಸ್ಬೇಕು ಅಂತ ಇದೀನಿ. ಐವತ್ತಾರು ಜನ. ಈಗ್ಲೇ ಆ ಸೊಸೆಗೆ ಫೋನ್ ಮಾಡಿ ಹೇಳ್ಬಿಡಿ."

ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೂಂ ಅಂದುಬಿಡುತ್ತಿದ್ದರು. ಅಕ್ಕ ಯಜಮಾನರ ಮುಖವನ್ನೇ ಒಂದು ಗಳಿಗೆ ನೋಡುತ್ತಾರೆ.

"ಆಗಲ್ಲ."

"ಏನು?"

"ಇಪ್ಪತ್ತೆಂಟರ ಮೇಲೆ ಒಬ್ರೂ ಬೇಡ ಯಜಮಾನ್ರೇ. ಐವತ್ತಾರು ಅಂದ್ರೆ ಅವಳು ದೊಡ್ಡ ಪಾತ್ರೆ ತರ್ತಾಳೆ, ಆಳು ಇಡ್ತಾಳೆ, ಬೆಳಿಗ್ಗೇನೇ ಮಾಡಿ ಮುಚ್ಚಿಡ್ತಾಳೆ. ತನ್ನ ಮಕ್ಕಳಿಗೆ ಬೇರೆ ಮಾಡ್ಕೊಳ್ತಾಳೆ. ಆರು ತಿಂಗಳಿಗೆ ಅದೂ ಹೋಟ್ಲೇ ಆಗುತ್ತೆ. ಎರಡನೇ ಬಸ್ಸಿಗೆ ಬೇರೆ ಮನೆ ಹುಡುಕ್ತೀನಿ, ತಿಂಗಳು ಕೊಡಿ. ಸಿಗ್ದೇ ಇದ್ರೆ ನನ್ನನ್ನೂ ತೆಗೆದ್ಹಾಕಿ."

ಚಾಲಕರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟುಕೊಳ್ಳುತ್ತಾರೆ. ಪ್ರಯಾಣಿಕರು ಕೈಕಾಲು ನೀವಿಕೊಳ್ಳುತ್ತ, ಇದ್ಯಾರೋ ಸ್ಕೂಟರಿನ ಹೆಂಗಸು ದಾರಿ ಕೇಳುತ್ತಿದ್ದಾರೆಂದುಕೊಂಡು ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾರೆ. ಯಜಮಾನರು ಒಳಗೆ ಹೋಗುತ್ತಿರುವವರನ್ನು ಒಬ್ಬೊಬ್ಬರಾಗಿ ಎಣಿಸುವಂತೆ ನೋಡುತ್ತಾರೆ. ಆಮೇಲೆ, "ಹುಡುಕಿ. ಆದ್ರೆ ಎರಡನೇ ಬಸ್ಸಿನ ಮುಂದೆ ಹೋಗೋರನ್ನೂ ನೀವೇ ಹುಡುಕ್ಬೇಕು. ನಿಮ್ಮಂಥೋರು ನಂಗೆಲ್ಲಿ ಸಿಗ್ತಾರೆ" ಎಂದು ಹೇಳಿ ಒಳಗೆ ನಡೆಯುತ್ತಾರೆ.

ನಾಳಿನ ತಿಂಡಿಯ ಊರು ಹದಿನೆಂಟು ಕಿಲೋಮೀಟರು ದೂರ. ಸಂಜೆಯ ಬೆಳಕು ಇನ್ನೂ ಸ್ವಲ್ಪ ಇದೆ. ಗಂಡನಿಗೆ ದೂರದಿಂದಲೇ ಕೈ ಬೀಸಿ ಅಕ್ಕ ಹೆಲ್ಮೆಟ್ಟು ಹಾಕಿಕೊಳ್ಳುತ್ತಾರೆ. ಕೆಲಸ ಉಳಿಯಿತಲ್ಲ, ಸಮಾಧಾನವಾಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದಕ್ಕಿಂತ ಖುಷಿ ಇನ್ನೊಂದಿದೆ." ಸ್ಕೂಟರು ಶುರುವಾಗುತ್ತದೆ. ಅದರ ಸದ್ದಿನ ಮೇಲೆ ದನಿಯೇರಿಸಿ, ಮುಖವೆಲ್ಲ ನಗುತ್ತ ಹೇಳುತ್ತಾರೆ: "ಯಜಮಾನ್ರ ಮುಖ ನೋಡ್ಕೊಂಡು ‘ಆಗಲ್ಲ’ ಅಂದೆ ನೋಡಿ! ಅಷ್ಟು ಗಟ್ಟಿಯಾಗಿ ಹೇಳೋಕೆ ನಂಗೆ ಬರುತ್ತೆ ಅಂತ ಇವತ್ತಿನವರೆಗೂ ನಂಗೇ ಗೊತ್ತಿರ್ಲಿಲ್ಲ."